ಮುಟ್ಟದೆ ತೋರಿಸು

“ಮುಟ್ಟಬೇಡ. ತೋರಿಸು, ಅಷ್ಟೇ.”

ಅಪ್ಪ ಕಟ್ಟೆಯ ಮೇಲೆ ಕೈಕಟ್ಟಿ ನಿಂತಿದ್ದ. ಮಗಳು ಸೊಂಟದುದ್ದದ ನೀರಿನಲ್ಲಿ ಮುಖ ಮುಳುಗಿಸಿ, ಹವಳದ ಕಲ್ಲುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಇವತ್ತು ಪಾಸಾದರೆ ನಾಳೆಯಿಂದ ಪ್ರವಾಸಿಗರನ್ನು ನೀರೊಳಗೆ ಕರೆದೊಯ್ಯುವವಳು ಅವಳೇ. ಫೇಲಾದರೆ ಮತ್ತೆ ಅಂಗಡಿಯ ಹಿಂದೆ ಕೂತು ಮಾಸ್ಕ್ ತೊಳೆಯಬೇಕು. ಡೈವಿಂಗ್ ಕಲಿಸುವ ಅಪ್ಪನಿಗೆ ಮಗಳೆಂಬ ದಾಕ್ಷಿಣ್ಯ ಇರಲಿಲ್ಲ.

ಪರೀಕ್ಷೆ ಸುಲಭದ್ದೇನಲ್ಲ. ಕಲ್ಲುಮೀನು ಪಾಚಿ ಹಿಡಿದ ಕಲ್ಲಿನಂತೆಯೇ ತೆಪ್ಪಗೆ ಬಿದ್ದಿರುತ್ತದೆ. ಅದರ ಬೆನ್ನಿನ ಮುಳ್ಳು ರಬ್ಬರ್ ಬೂಟನ್ನೂ ತೂರಿ ವಿಷ ಇಳಿಸುತ್ತದೆ. ಅದಕ್ಕೇ ಅಪ್ಪ ಪ್ಲಾಸ್ಟರಿನಲ್ಲಿ ಅಂಥದ್ದೊಂದು ಗೊಂಬೆ ಮಾಡಿ ಬಣ್ಣ ಬಳಿದಿದ್ದ. ಮಗಳು ಅಪ್ಪನ ಮುಖ ನೋಡಿಯೇ ಉತ್ತರ ಹೇಳಿಬಿಡುವ ಚಾಲಾಕಿ. ಹಾಗಾಗಿ ಬಚ್ಚಿಡುವ ಕೆಲಸವನ್ನು ಅವನು ತನ್ನ ತಮ್ಮನಿಗೆ ಒಪ್ಪಿಸಿದ್ದ. “ಬೆಳಿಗ್ಗೆ ಬೇಗ ಹೋಗಿ ಇಟ್ಬಿಡು. ಎಲ್ಲಿ ಅಂತ ನಂಗೂ ಹೇಳ್ಬೇಡ.”

ಮಗಳು ತಲೆಯೆತ್ತಿದಳು. ಮುಖ ಬಿಳಿಚಿಕೊಂಡಿತ್ತು.

“ಮೆಟ್ಟಿಲ ಪಕ್ಕ. ಎರಡು ಕಲ್ಲಿನ ಮಧ್ಯೆ.”

ಅಪ್ಪ ಮೆಟ್ಟಿಲಿಳಿದು ಬಗ್ಗಿ ನೋಡಿದ. ಹೌದು, ಅಲ್ಲೇ ಇತ್ತು. ಸೊಟ್ಟ ಬಾಯಿ, ಮೈತುಂಬ ಗಂಟು. ತನ್ನ ಕೈಕೆಲಸಕ್ಕೆ ತಾನೇ ಮಾರುಹೋದ.

“ಚುಚ್ಚಿದ್ರೆ ಏನ್ ಮಾಡ್ತೀಯ?”

“ತಡ್ಕೊಳ್ಳೋವಷ್ಟು ಬಿಸಿ ನೀರಲ್ಲಿ ಅದ್ದಿಡ್ಬೇಕು, ತಕ್ಷಣ ಆಸ್ಪತ್ರೆಗೆ ಹೋಗ್ಬೇಕು. ಐಸ್ ಇಡಬಾರ್ದು.” ಅವಳು ಒಂದು ಹೆಜ್ಜೆ ಹಿಂದೆ ಸರಿದಳು. “ಅಪ್ಪಾ, ಅದು ಗೊಂಬೆ ಅಲ್ಲ.”

“ಏನು?”

“ಪಕ್ಕದ ಮರಳು ಅಲ್ಲಾಡ್ತಿತ್ತು. ಉಸಿರಾಡೋ ಥರ.”

“ಅಲೆ ಬಂದ್ರೆ ಮರಳು ಅಲ್ಲಾಡ್ದೆ ಎದ್ದು ನಮಸ್ಕಾರ ಮಾಡುತ್ತಾ?”

ಅಪ್ಪನ ಪಿತ್ತ ನೆತ್ತಿಗೇರಿತು. ಹೋದ ಸಲವೂ ಅವಳು ಬರೀ ಪಾಚಿ ಕಂಡು ಬೆದರಿ ಮೇಲೆ ಬಂದಿದ್ದಳು.

“ನೀನು ಮೀನು ನೋಡ್ತಿಲ್ಲ, ನಿನ್ನ ಭಯ ನೋಡ್ತಿದ್ದೀಯ. ನಿನ್ನ ನಂಬಿ ಜನರನ್ನ ಹೇಗೆ ಕಳಿಸ್ಲಿ?”

ಹಾಗೆನ್ನುವಾಗ ಅವನಿಗೇ ಸಂಕಟವಾಯಿತು. ಅವಳು ಪಾಸಾಗಲಿ ಎಂದು ಅವನಷ್ಟು ಆಸೆಪಟ್ಟವರು ಬೇರೆ ಯಾರೂ ಇರಲಿಲ್ಲ. ಆದರೆ ಹೆದರುವವಳ ಹಿಂದೆ ಹತ್ತು ಜನರನ್ನು ನೀರಿಗಿಳಿಸುವುದು ಹೇಗೆ?

“ಕೈ ಹಾಕ್ಬೇಡ ಅಪ್ಪಾ, ನಿನ್ನ ದಮ್ಮಯ್ಯ!”

“ನಾನು ಮಾಡಿದ ಗೊಂಬೆ ನನಗೇ ಚುಚ್ಚುತ್ತಾ? ಎತ್ತಿ ನಿನ್ನ ಕೈಗೇ ಕೊಡ್ತೀನಿ. ಆಮೇಲೆ ಸುಮ್ನೆ ಅಂಗಡಿಗೆ ನಡಿ.”

ಅಪ್ಪ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತ. ಅಂಗಿಯ ತೋಳು ಮಡಚಿ ಬರಿಗೈಯನ್ನು ನೀರಿಗಿಳಿಸಿದ. ಮಗಳು ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಕಟ್ಟೆಯ ಮೇಲೆ ದಡದಡನೆ ಯಾರೋ ಓಡಿಬಂದ ಸದ್ದು. ಚಿಕ್ಕಪ್ಪ, ಹೆಗಲಲ್ಲಿ ಚೀಲ, ಏದುಸಿರು.

“ಅಣ್ಣಾ, ಬೈಬೇಡ, ಎದ್ದಿದ್ದೇ ತಡ ಆಯ್ತು. ನೀವಿಬ್ರೂ ಒಂಚೂರು ಆ ಕಡೆ ತಿರುಗಿ ನಿಂತ್ಕೊಳ್ಳಿ, ಗೊಂಬೆ ಇಟ್ಬಿಡ್ತೀನಿ!”