ಎರಡು ಕಂಬಳಿ

ಮಗಾ, ಮೊನ್ನೆ ನಿಮ್ಮವ್ವ ಚಿಕ್ಕೋಡಿ ಸಂತೆಯಿಂದ ಹೊಸ ಕಂಬಳಿ ತಂದಾಗ, ಅದಕ್ಕೆ ಹಚ್ಚಿದ ಹುಣಸೆಬೀಜದ ಗಂಜಿಯ ವಾಸನೆಗೆ ನಾನು ಎದ್ದು ಹೊರಗೆ ಹೋದೆ.

ನನ್ನ ಚಿಕ್ಕಂದಿನಲ್ಲಿ ಅಂಕಲಿ ಹತ್ತಿರ ನಮ್ಮ ಕುರಿಗಾರರ ಹಟ್ಟಿ ಇತ್ತು. ಅಪ್ಪ ಸತ್ತ ಮೇಲೆ ಹಟ್ಟಿಯ ಹಿರಿಯ ನಮ್ಮ ಕುರಿಗಳನ್ನೆಲ್ಲ ಅಪ್ಪನ ತಮ್ಮನಿಗೆ ಕೊಡಿಸಿದ. ಅಂಥ ತೀರ್ಪು ಒಪ್ಪದವರು ಸುತ್ತಿನ ಹಟ್ಟಿಗಳಿಗೆಲ್ಲ ಮೇಲಿನವನಾದ ದೊಡ್ಡ ಹಿರಿಯನ ಹತ್ತಿರ ಹೋಗಬಹುದಿತ್ತು. ಆದರೆ ಆತ ತೀರಿಕೊಂಡು, ಆ ಗಾದಿಯೂ ನಮ್ಮ ಹಿರಿಯನಿಗೇ ಬಂದಿತ್ತು. "ಒಬ್ಬಾಂವಗ ಎರಡೂ ಬ್ಯಾಡ" ಎಂದ ನಮ್ಮಜ್ಜಿಗೆ, "ನಿನಗೇನ ತಿಳೀತೈತಿ, ಸುಮ್ಕಿರ ಬೇ" ಎಂದಿದ್ದರು ಗಂಡಸರು.

ಆದರೂ ನಮ್ಮವ್ವ ನನ್ನ ಕೈಹಿಡಿದು ಹೋದಳು. ಹಿರಿಯ ಹಟ್ಟಿಯ ತೀರ್ಪು ಹೇಳುವ ಕರಿ ಕಂಬಳಿ ಮೇಲೆ ಕೂತಿದ್ದ.

"ದೊಡ್ಡ ಹಿರ್ಯಾಗ ಹೇಳಾಕ ಬಂದೀನ್ರಿ" ಎಂದಳು ಅವ್ವ.

ಅವನು ಎದ್ದು, ಧೋತರ ಕೊಡವಿ, ಪಕ್ಕದಲ್ಲಿದ್ದ ದೊಡ್ಡ ಹಿರಿಯನ ಬಿಳಿ ಕಂಬಳಿ ಮೇಲೆ ಕೂತ.

"ಈಗ ಹೇಳವ್ವಾ. ಯಾರ ಮ್ಯಾಲ ನಿನ್ನ ತಕರಾರು?"

ಎಲ್ಲರೂ ನಕ್ಕರು. ಅವ್ವ ಅಪ್ಪನ ಕೆಮ್ಮಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಅವನು ಖಾಲಿ ಕರಿ ಕಂಬಳಿಯ ಕಡೆ ತಿರುಗಿ, "ಏನಪಾ, ಈಕಿ ಹೇಳೂದು ಖರೇ ಏನು?" ಎಂದು ಕೇಳಿದ. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಂವ ಸುಳ್ಳ ಅಂತಾನ. ಹಟ್ಟಿ ತೀರ್ಪು ಖಾಯಂ."

ಸೋತವರು ಕಂಬಳಿ ಮಡಚಿಡುವುದು ನಮ್ಮಲ್ಲಿ ಪದ್ಧತಿ. ಅವನು ಎದ್ದ ಮೇಲೆ ಅವ್ವ ಬಿಳಿ ಕಂಬಳಿ ಮಡಚಿಟ್ಟು ಹೊರಟಳು. ಅವನು ಹಿಂದಿನಿಂದ ಕರೆದ.

"ಬೇ, ಇನ್ನೊಂದು ಉಳೀತಲ್ಲ."

ಅವ್ವ ತಿರುಗಿ ಬಂದು ಕರಿ ಕಂಬಳಿಯ ಒಂದು ತುದಿ ಎತ್ತಿದಳು. ಗಂಜಿಯ ವಾಸನೆ ಹೊಡೆಯುತ್ತಿದ್ದ ಇನ್ನೊಂದು ತುದಿಯನ್ನು ನಾನು ಹಿಡಿದೆ.