ಮೂರು ಕೂಗು

ಸ್ಪೇನಿನ ಕಡಲತೀರದ ಆ ಕ್ಯಾಂಪ್‌ಸೈಟಿಗೆ ಬಂದು ಐದನೆಯ ದಿನ. ಬೆಳಗ್ಗೆ ಎಂಟೂಕಾಲು. ಬಾಡಿಗೆ ಮೋಟರ್‌ಹೋಮಿನ ಪುಟ್ಟ ಒಲೆಯ ಮೇಲೆ ವನಜಾಕ್ಷಿ ಪಾತ್ರೆಯಲ್ಲೇ ಅನ್ನಕ್ಕಿಟ್ಟಿದ್ದರು. ಊರಿಂದ ಹೊತ್ತು ತಂದ ಕುಕ್ಕರು ಮಂಚದ ಕೆಳಗೆ ಸೇರಿತ್ತು.

ಅದರ ಸದ್ದಿನ ಬಗ್ಗೆ ಯಾರೋ ದೂರು ಕೊಟ್ಟಿದ್ದಾರೆ, ಇನ್ನೊಂದು ದೂರು ಬಂದರೆ ಜಾಗ ಖಾಲಿ ಮಾಡಬೇಕು ಎಂದು ಮ್ಯಾನೇಜರ್ ನಿನ್ನೆ ಎಚ್ಚರಿಸಿ ಹೋಗಿದ್ದ. ರಜೆಯ ಕಾಲ ಬೇರೆ. ಸುತ್ತಲಿನ ಕ್ಯಾಂಪ್‌ಸೈಟುಗಳೆಲ್ಲ ತುಂಬಿದ್ದವು.

"ಪಕ್ಕದ ಮುದುಕನೇ ಕಣ್ರೀ ಹೇಳಿರೋದು. ಕುಕ್ಕರ್ ಕೂಗಿದಾಗೆಲ್ಲ ವಾಚ್ ನೋಡ್ಕೊಳ್ತಿದ್ದ," ಎಂದರು ವನಜಾಕ್ಷಿ.

ಗಂಡ ಶಿವಮೂರ್ತಿ ಪರದೆ ಸರಿಸಿದರು. "ಇವತ್ತೂ ನೋಡ್ತಿದಾನೆ. ಅಯ್ಯೋ, ಎದ್ದ ಕಣೇ. ಈ ಕಡೆಗೇ ಬರ್ತಿದಾನೆ!"

"ಇವತ್ತು ನಾನು ಕುಕ್ಕರೇ ಇಟ್ಟಿಲ್ವಲ್ರೀ!"

"ಆಗ್ಲೇ ಹಾಕಿದ ಒಗ್ಗರಣೆ ಘಾಟು ಅವನ ಮೂಗಿಗೆ ಹೋಗಿರ್ಬೇಕು. ನಾಲ್ಕು ದಿನ ಬ್ರೆಡ್ ತಿಂದಿದ್ರೆ ಏನಾಗ್ತಿತ್ತು ನಿಂಗೆ?"

"ಅನ್ನ ಇಲ್ದೆ ಹೊಟ್ಟೆ ತುಂಬಲ್ಲ ಅಂತ ಕೂತೋರು ಯಾರು? ನಾನಾ?"

ಬಾಗಿಲು ದಬದಬ ಬಡಿದ ಸದ್ದಾಯಿತು. ವನಜಾಕ್ಷಿ ಗಡಿಬಿಡಿಯಿಂದ ಒಲೆ ಆರಿಸಿದರು. ಶಿವಮೂರ್ತಿ ಬಾಗಿಲು ತೆರೆದವರೇ ಕೈಮುಗಿದು ಕ್ಷಮೆ ಕೇಳತೊಡಗಿದರು.

ಮುದುಕ ಏದುಸಿರು ಬಿಡುತ್ತಿದ್ದ. ಕಂಕುಳಲ್ಲಿ ಔಷಧಿಯ ಡಬ್ಬಿಯಿತ್ತು. ಅವನು ಇಬ್ಬರ ಮುಖವನ್ನೂ ಒಂದಾದ ಮೇಲೊಂದರಂತೆ ನೋಡಿ, ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದ:

"ದಿನಾ ಎಂಟು ಗಂಟೆಗೆ ಮೂರು ಕೂಗು ಕೇಳ್ತಿತ್ತು, ಇವತ್ತು ಒಂದೂ ಇಲ್ಲ. ನಿಮ್ಮಲ್ಲಿ ಯಾರಿಗೆ ಹುಷಾರಿಲ್ಲ?"