ಅತ್ತೆಯನ್ನು ಇಳಿಸುವ ಪಾಠ

"ಎಂಟು ನಿಮಿಷ. ಹೊಗೆ ಇಷ್ಟು ಹೊತ್ತು ಕಾಯಲ್ಲಮ್ಮ," ಎಂದು ಅಗ್ನಿಶಾಮಕ ಠಾಣೆಯಿಂದ ಬಂದ ತರಬೇತುದಾರ ಗಡಿಯಾರ ನೋಡಿ ತಲೆಯಾಡಿಸಿದ.

ಸೊಸೆಗೆ ಏದುಸಿರು. ಕಂಬಳಿಯ ನಾಲ್ಕು ಮೂಲೆ ಹಿಡಿದವರಲ್ಲಿ ಅವಳೂ ಒಬ್ಬಳು. ಕಂಬಳಿಯೊಳಗೆ ಅವಳ ಅತ್ತೆ. ಬೆಂಕಿ ಬಿದ್ದರೆ, ಭೂಮಿ ನಡುಗಿದರೆ ಏನು ಮಾಡಬೇಕೆಂದು ನಗರಸಭೆ ಬೀದಿ ಬೀದಿಯ ಸ್ವಯಂಸೇವಕರಿಗೆ ಭಾನುವಾರಗಳಂದು ಕಲಿಸುತ್ತಿತ್ತು. ಈ ಕಟ್ಟಡದವರ ಪಾಲಿಗೆ ಬಂದ ಪಾಠ ಒಂದೇ: ಆರು ವರ್ಷದಿಂದ ಮೂರನೇ ಮಹಡಿಯಲ್ಲಿ ಹಾಸಿಗೆ ಹಿಡಿದಿರುವ ಮುದುಕಿಯನ್ನು ಕೆಳಗಿಳಿಸುವುದು.

ಅತ್ತೆ ಹಗುರದ ಹೆಂಗಸೇನಲ್ಲ. ಆದರೆ ಬಲು ಹುಷಾರು. ತಿರುವಿನಲ್ಲಿ ಮೆಟ್ಟಿಲೊಂದರ ಅಂಚು ಮುರಿದಿದೆ, ನೋಡಿ ಕಾಲಿಡಿ ಎಂದು ಮಲಗಿದಲ್ಲಿಂದಲೇ ಎಚ್ಚರಿಸಿದರು. ಅದು ಹೋದ ತಿಂಗಳಷ್ಟೇ ಸಿಲಿಂಡರ್ ಬಡಿದು ಮುರಿದದ್ದು. ತರಬೇತುದಾರ ಅವರ ಮೀನಖಂಡ ಒತ್ತಿ ನೋಡಿ, ಇಷ್ಟು ವರ್ಷ ಮಲಗಿದವರ ಕಾಲು ಇಷ್ಟು ಗಟ್ಟಿ ಇರುವುದನ್ನು ತಾನು ಕಂಡೇ ಇಲ್ಲ ಎಂದ. ಸೊಸೆ ಹಿಗ್ಗಿಹೋದಳು. ದಿನಾ ಎಣ್ಣೆ ಹಚ್ಚಿ ತಿಕ್ಕುವ ಕೈ ಅವಳದೇ ಅಲ್ಲವೇ?

ಅದೇ ಕೈ ಹಿಂದೆ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿತ್ತು. ಅತ್ತೆ ಬಚ್ಚಲಲ್ಲಿ ಜಾರಿಬಿದ್ದ ವಾರವೇ ಕೆಲಸ ಬಿಟ್ಟಳು. ಗಂಡ ಎನ್ನಿಸಿಕೊಂಡವನು ಒಂದು ದಿನ ಬೆಡ್‌ಪ್ಯಾನ್ ಮುಟ್ಟಿದವನಲ್ಲ. ಈಗ ಲ್ಯಾಬಿನವರು ಮತ್ತೆ ಕರೆದಿದ್ದರು. ಬುಧವಾರದೊಳಗೆ ಹೇಳಬೇಕು, ಇನ್ನೊಮ್ಮೆ ಕರೆಯುವುದಿಲ್ಲ ಎಂದೂ ಹೇಳಿದ್ದರು. ಆರು ವರ್ಷದಲ್ಲಿ ಅವಳಿಗೆ ತೆರೆದ ಬಾಗಿಲು ಅದೊಂದೇ.

ತುತ್ತು ತಿನ್ನಿಸುತ್ತ ಅತ್ತೆಗೆ ವಿಷಯ ತಿಳಿಸಿದಳು. ಅತ್ತೆ ಕಣ್ಣೊರೆಸಿಕೊಂಡರು.

"ಹೋಗಮ್ಮ. ನಂದೇನು, ಬೆಂಕಿ ಬಿದ್ರೆ ಇಲ್ಲೇ ಬಿದ್ದಿರ್ತೀನಿ."

"ನಾನಿರೋವಾಗ ಹಾಗೆ ಆಗಕ್ಕೆ ಬಿಡಲ್ಲ ಅತ್ತೆ."

ಬುಧವಾರ ಬೆಳಿಗ್ಗೆ ತಾನೇ ಹೋಗಿ, ಬರುವುದಕ್ಕಾಗುವುದಿಲ್ಲ ಎಂದು ಹೇಳಿಬಂದಳು. ದಾರಿಯುದ್ದಕ್ಕೂ ಅಳು ಉಕ್ಕಿಬರುತ್ತಿತ್ತು. ಮನೆಯ ಹಿಂದಿನ ಓಣಿಗೆ ತಿರುಗಿದಾಗ ಕಟ್ಟಡದ ಸೈರನ್ ಆಗಲೇ ಕೂಗುತ್ತಿತ್ತು. ಬುಧವಾರ ಅಭ್ಯಾಸ ಇರುವುದಿಲ್ಲ. ಮೀಟರ್ ಕೋಣೆಯಿಂದ ಕಪ್ಪು ಹೊಗೆ ಏಳುತ್ತಿತ್ತು.

ಹೊರಗಿರುವವರು ಒಳಗೆ ಕಾಲಿಡಕೂಡದು ಎಂಬುದೇ ತರಬೇತಿಯ ಮೊದಲ ಪಾಠ. ಅವಳು ಹಿಂಬಾಗಿಲಿಂದ ನುಗ್ಗಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಮೇಲಕ್ಕೋಡಿದಳು. ತಡೆಯಲು ಅಲ್ಲಿ ಯಾರೂ ಇರಲಿಲ್ಲ.

ಹಾಸಿಗೆ ಖಾಲಿ. ಉರುಳಿ ಬಿದ್ದಿರಬೇಕೆಂದು ಮಂಚದ ಕೆಳಗೆ ತಡಕಿದಳು. ಪಾಪ, ತೆವಳಿಕೊಂಡು ಹೋಗಿರಬೇಕೆಂದು ಬಚ್ಚಲಲ್ಲಿ, ಅಡುಗೆಮನೆಯಲ್ಲಿ, ಅತ್ತೆ ಅತ್ತೆ ಎಂದು ಕೂಗುತ್ತ ಹುಡುಕಿದಳು. ಗಂಟಲು ಕಟ್ಟಿತು. ಕಣ್ಣು ಕತ್ತಲಿಟ್ಟಿತು.

ಎಚ್ಚರವಾದಾಗ ಎದುರಿನ ಮೈದಾನದಲ್ಲಿ ಮಲಗಿದ್ದಳು. ತರಬೇತುದಾರ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಇಳಿಸಿದ್ದನಂತೆ. ಅತ್ತೆ ಎಲ್ಲಿ, ಅವರನ್ನೂ ಯಾರಾದರೂ ತಂದರೇ ಎಂದು ಕೇಳಿದಳು. ಹಾಜರಿ ಬರೆಯುತ್ತಿದ್ದ ಕೆಳಮನೆಯ ದರ್ಜಿ ಅವಳ ಮುಖ ನೋಡಲಾರದೆ ಪುಸ್ತಕವನ್ನೇ ಮುಂದೆ ಹಿಡಿದ. ಯಾರು, ಎಷ್ಟು ಹೊತ್ತಿಗೆ, ಹೇಗೆ ಹೊರಬಂದರು ಎಂಬುದನ್ನೆಲ್ಲ ಸಾಲಾಗಿ ಬರೆದಿದ್ದ.

ಕಟ್ಟಕಡೆಯ ಸಾಲಿನಲ್ಲಿ ಅವಳ ಹೆಸರಿತ್ತು, ಮುಂದೆ 'ಹೊತ್ತು ತಂದದ್ದು' ಎಂದಿತ್ತು. ಮೊಟ್ಟಮೊದಲ ಸಾಲಿನಲ್ಲಿ, ಸೈರನ್ ಕೂಗಿದ ಎರಡೇ ನಿಮಿಷಕ್ಕೆ, ಅತ್ತೆಯ ಹೆಸರು: 'ನಡೆದು ಬಂದದ್ದು'.